ಇಸ್ಪೀಟು ಮೇಜಿನ ಮೆದು ಮನುಷ್ಯ

(ಅಂತಿಮ ಬಿ.ಎ. ತರಗತಿಯ ವಿದ್ಯಾರ್ಥಿಯೊಬ್ಬನ ವಿಚಾರ)

ನಾಟಕವನ್ನು ನೋಡಿ ಮನೆಗೆ ಹಿಂದಿರುಗುವಾಗ ನಮ್ಮ ನೆನಪಿನಲ್ಲಿ ಉಳಿಯುವವರು ಯಾರು? ಗರ್ಜಿಸಿದವನು ಉಳಿಯುತ್ತಾನೆ, ಗೋಳಿಟ್ಟವಳು ಉಳಿಯುತ್ತಾಳೆ. ಕೀಚಕನ ಅಟ್ಟಹಾಸವನ್ನಾಗಲಿ ಸೈರಂಧ್ರಿಯ ಕಣ್ಣೀರನ್ನಾಗಲಿ ಮರೆತವರುಂಟೆ? ಆದರೆ ಗರ್ಜಿಸುವವನ ಪಕ್ಕದಲ್ಲಿಯೇ ಕುಳಿತು, ಅವನ ಮಾತಿಗೆ ಮನಸ್ಸಿನೊಳಗೇ ನೊಂದುಕೊಂಡು, ಬಾಯಿಬಿಟ್ಟು ಏನನ್ನೂ ಹೇಳಲಾರದೆ ತಲೆ ತಗ್ಗಿಸುವ ಮೆದು ಮನುಷ್ಯನೊಬ್ಬನು ಅನೇಕ ನಾಟಕಗಳಲ್ಲಿ ಇರುತ್ತಾನೆ. ಅವನನ್ನು ಕಂಡು “ಪಾಪ, ಒಳ್ಳೆಯವನು” ಎಂದು ಮರುಗಿ, ಅಷ್ಟಕ್ಕೇ ಬಿಟ್ಟುಬಿಡುವುದು ನಮ್ಮ ವಾಡಿಕೆ. ಈ ಮರುಕ ಎಷ್ಟರಮಟ್ಟಿಗೆ ಸರಿ ಎಂಬುದನ್ನು ವಿಚಾರ ಮಾಡುವುದೇ ಈ ಲೇಖನದ ಉದ್ದೇಶ.

ಇದಕ್ಕೆ ಕಾರಣವಾದ ಸಂದರ್ಭವನ್ನು ಮೊದಲು ಅರಿಕೆ ಮಾಡಿಕೊಳ್ಳುತ್ತೇನೆ. ನಮ್ಮ ಇಂಗ್ಲಿಷ್ ಐಚ್ಛಿಕ ತರಗತಿಯಲ್ಲಿ ಅಮೆರಿಕದ ನಾಟಕಕಾರ ಟೆನೆಸ್ಸಿ ವಿಲಿಯಮ್ಸನ ‘ಎ ಸ್ಟ್ರೀಟ್‌ಕಾರ್ ನೇಮ್ಡ್ ಡಿಸೈರ್’ ಎಂಬ ನಾಟಕವನ್ನು ಓದಿ ಮುಗಿಸಿದ ದಿನ, ನಮ್ಮ ಅಧ್ಯಾಪಕರು ಪುಸ್ತಕವನ್ನು ಮಡಚಿಟ್ಟು, “ಈ ನಾಟಕದಲ್ಲಿ ನಿಮಗೆ ಒಳ್ಳೆಯವನೆಂದು ತೋರುವ ಗಂಡಸು ಯಾರು?” ಎಂದು ಕೇಳಿದರು. ತರಗತಿಯ ಮುಕ್ಕಾಲು ಪಾಲು ಜನ “ಮಿಚ್” ಎಂದು ಕೈಯೆತ್ತಿದರು. ಕೈಯೆತ್ತಿದವರಲ್ಲಿ ನಾನೂ ಒಬ್ಬ. ಆಮೇಲೆ ನಾಟಕವನ್ನು ಮತ್ತೊಮ್ಮೆ ಒಬ್ಬನೇ ಕುಳಿತು ಓದಿದೆನು. ಅಂದು ಎತ್ತಿದ ಕೈಯನ್ನು ಇಂದು ಏಕೆ ಕೆಳಗಿಳಿಸಿದ್ದೇನೆ ಎಂಬುದನ್ನು ಸಹಪಾಠಿ ಮಿತ್ರರ ಮತ್ತು ಗುರುಜನರ ಮುಂದೆ ನಿವೇದಿಸುತ್ತೇನೆ.

ನಾಟಕವನ್ನು ಓದದ ಮಿತ್ರರಿಗಾಗಿ ಕಥಾಸಾರವನ್ನು ಸಂಕ್ಷೇಪವಾಗಿ ಹೇಳುವುದು ಅವಶ್ಯಕ. ಈ ನಾಟಕವು ನ್ಯೂಯಾರ್ಕಿನ ಎಥೆಲ್ ಬ್ಯಾರಿಮೋರ್ ರಂಗಮಂದಿರದಲ್ಲಿ 1947ನೆಯ ಇಸವಿ ಡಿಸೆಂಬರ್ 3 ರಂದು ಮೊದಲು ಪ್ರದರ್ಶಿತವಾಯಿತು. ಒಟ್ಟು 855 ಪ್ರಯೋಗಗಳನ್ನು ಕಂಡಿತು. 1948 ರಲ್ಲಿ ಪುಲಿಟ್ಜರ್ ಪಾರಿತೋಷಕವನ್ನು ಪಡೆಯಿತು. ಕಥೆ ನಡೆಯುವುದು ನ್ಯೂ ಆರ್ಲಿಯನ್ಸ್ ನಗರದ ಬಡ ಬೀದಿಯೊಂದರ ಎರಡು ಕೋಣೆಗಳ ಮನೆಯಲ್ಲಿ. ಆ ನಗರದಲ್ಲಿ ‘ಡಿಸೈರ್’, ಅಂದರೆ ಆಸೆ, ಎಂಬ ಹೆಸರಿನ ಟ್ರಾಮ್ ಮಾರ್ಗವೊಂದು ನಿಜವಾಗಿಯೂ ಇದ್ದು, 1948 ರಲ್ಲಿ ನಿಂತುಹೋಯಿತು. ಆ ಗಾಡಿಯನ್ನು ಹತ್ತಿ ಬ್ಲಾಂಚ್ ಎಂಬ ಹೆಂಗಸು ತನ್ನ ತಂಗಿ ಸ್ಟೆಲ್ಲಾಳ ಮನೆಗೆ ಬರುತ್ತಾಳೆ. ಹಿರಿಯರಿಂದ ಬಂದ ದೊಡ್ಡ ಮನೆ ಕೈಬಿಟ್ಟು ಹೋಗಿದೆ. ಉಪಾಧ್ಯಾಯಿನಿಯ ಕೆಲಸವೂ ಹೋಗಿದೆ. ಉಳಿದಿರುವುದು ಒಂದು ಪೆಟ್ಟಿಗೆಯ ತುಂಬ ಹಳೆಯ ಬಟ್ಟೆ, ಒಡವೆ, ಮತ್ತು ಬಾಯಿ ತುಂಬ ಸುಳ್ಳು. ತಂಗಿಯ ಗಂಡ ಸ್ಟಾನ್ಲಿ ಕೊವಾಲ್ಸ್ಕಿ ಮೈಬಲದವನು, ಒರಟು ಮಾತಿನವನು, ಮನೆಯಲ್ಲಿ ತಾನೇ ದೊರೆಯೆಂದು ತಿಳಿದವನು. ಅವನಿಗೂ ಬ್ಲಾಂಚಳಿಗೂ ನಡೆಯುವ ಹೋರಾಟವೇ ನಾಟಕ. ಕೊನೆಗೆ ಹೆಂಡತಿ ಹೆರಿಗೆಗೆಂದು ಆಸ್ಪತ್ರೆಯಲ್ಲಿರುವ ರಾತ್ರಿ ಸ್ಟಾನ್ಲಿಯು ಬ್ಲಾಂಚಳ ಮೇಲೆ ಬಲಾತ್ಕಾರ ಮಾಡುತ್ತಾನೆ. ಅವಳ ಬುದ್ಧಿ ಕದಡುತ್ತದೆ. ಅವಳು ಹೇಳಿದ ನಿಜವನ್ನು ನಂಬಿದರೆ ಗಂಡನೊಡನೆ ಬಾಳುವುದು ಸಾಧ್ಯವಿಲ್ಲವೆಂದು ತಂಗಿಯೇ ನಂಬದೆ ಹೋಗುತ್ತಾಳೆ. ವೈದ್ಯನೂ ದಾದಿಯೂ ಬಂದು ಬ್ಲಾಂಚಳನ್ನು ಹುಚ್ಚಾಸ್ಪತ್ರೆಗೆ ಕರೆದೊಯ್ಯುತ್ತಾರೆ.

ಈ ಇಬ್ಬರ ನಡುವೆ ನಿಂತವನೇ ನಮ್ಮ ಮಿಚ್. ಪೂರ್ತಿ ಹೆಸರು ಹೆರಾಲ್ಡ್ ಮಿಚೆಲ್. ಸ್ಟಾನ್ಲಿಯೊಡನೆ ಯುದ್ಧದಲ್ಲಿ ಒಂದೇ ದಳದಲ್ಲಿದ್ದವನು. ಈಗ ಒಂದೇ ಕಾರ್ಖಾನೆಯಲ್ಲಿ ದುಡಿಯುವವನು. ರಾತ್ರಿಯ ಹೊತ್ತು ಒಂದೇ ಮೇಜಿನಲ್ಲಿ ಇಸ್ಪೀಟು ಆಡುವವನು. ಆ ಮೇಜಿನಲ್ಲಿ ಕೂರುವವರು ನಾಲ್ವರು: ಸ್ಟಾನ್ಲಿ, ಸ್ಟೀವ್, ಪಾಬ್ಲೊ ಮತ್ತು ಮಿಚ್. ನಾಟಕದ ಕರಡು ಪ್ರತಿಗೆ ವಿಲಿಯಮ್ಸನು ಇಟ್ಟಿದ್ದ ಹೆಸರುಗಳಲ್ಲಿ ‘ಪೋಕರ್ ಆಟದ ರಾತ್ರಿ’ ಎಂಬುದೂ ಒಂದು. ಮೂರನೆಯ ದೃಶ್ಯಕ್ಕೆ ಆ ಹೆಸರು ಇಂದಿಗೂ ಉಳಿದಿದೆ. ಆದುದರಿಂದ ಈ ಇಸ್ಪೀಟು ಮೇಜನ್ನು ಕೇವಲ ರಂಗಸಜ್ಜಿಕೆಯ ಒಂದು ಸಾಮಾನೆಂದು ತಿಳಿಯಲಾಗದು. ಅದು ಆ ಗಂಡಸರ ನ್ಯಾಯಸ್ಥಾನ. ಯಾರು ಗಂಡಸು, ಯಾರು ಅಲ್ಲ, ಯಾವ ಹೆಂಗಸು ಮರ್ಯಾದಸ್ಥೆ, ಯಾವಳು ಅಲ್ಲ ಎಂಬ ತೀರ್ಪೆಲ್ಲ ಅಲ್ಲಿಯೇ ಆಗುವುದು.

ಆ ಮೇಜಿನಲ್ಲಿ ಮಿಚ್ಚನು ಬೇರೆಯೇ ಆಗಿ ಕಾಣುತ್ತಾನೆ. ಆಟದ ಮಧ್ಯದಲ್ಲಿ ಅವನ ಮನಸ್ಸು ಮನೆಯ ಕಡೆಗೆ ಹರಿಯುತ್ತದೆ. ಕಾಯಿಲೆಯ ತಾಯಿ ಮಗ ಬರುವ ತನಕ ನಿದ್ದೆ ಮಾಡುವುದಿಲ್ಲವೆಂದು ಅವನು ಹೇಳಿದರೆ, ಉಳಿದವರು ಅವನನ್ನು ಮೊಲೆಗೂಸೆಂಬಂತೆ ಹಾಸ್ಯ ಮಾಡುತ್ತಾರೆ. ಚಿಲ್ಲರೆ ಕಾಸನ್ನು ಒಯ್ದು ತಾಯಿ ಕೊಟ್ಟ ಡಬ್ಬಿಗೆ ಹಾಕುವವನೆಂದು ನಗುತ್ತಾರೆ. ಮಿಚ್ಚನು ಬಚ್ಚಲಿನಿಂದ ಹೊರಬರುವಾಗ ಬ್ಲಾಂಚಳನ್ನು ಕಂಡು ಎಷ್ಟು ಸಂಕೋಚಪಡುತ್ತಾನೆಂದರೆ, ಕೈಯಲ್ಲಿರುವ ಟವಲನ್ನು ಕೆಳಗಿಡುವುದನ್ನೂ ಮರೆಯುತ್ತಾನೆ. ಅವನ ಜೇಬಿನಲ್ಲಿ ಒಂದು ಬೆಳ್ಳಿಯ ಸಿಗರೇಟು ಡಬ್ಬಿ ಇದೆ. ಸಾಯುತ್ತಿದ್ದ ಹುಡುಗಿಯೊಬ್ಬಳು ಕವಿತೆಯ ಸಾಲೊಂದನ್ನು ಕೆತ್ತಿಸಿ ಅವನಿಗೆ ಕೊಟ್ಟದ್ದು. ಅವನು ಅದನ್ನು ಜೋಪಾನ ಮಾಡಿಕೊಂಡಿದ್ದಾನೆ. ಬೆತ್ತಲೆ ದೀಪದ ಬೆಳಕನ್ನು ತಾಳಲಾರೆನೆಂದು ಬ್ಲಾಂಚಳು ಕೊಟ್ಟ ಕಾಗದದ ಗೂಡುದೀಪವನ್ನು ಬಲ್ಬಿಗೆ ಹೊದಿಸಿ ಕೊಡುವವನೂ ಅವನೇ. ರೇಡಿಯೋ ಸಂಗೀತಕ್ಕೆ ಅವಳು ಹೆಜ್ಜೆ ಹಾಕಿದಾಗ ಇವನೂ ಕರಡಿಯಂತೆ ತೂಗಾಡಿ ಕುಣಿಯುತ್ತಾನೆ. ಈ ಮಾರ್ದವ ಸುಳ್ಳಲ್ಲ, ಬೂಟಾಟಿಕೆಯೂ ಅಲ್ಲ. ಇದನ್ನು ನಾನು ಪೂರ್ಣವಾಗಿ ಒಪ್ಪುತ್ತೇನೆ. ಮೊದಲ ಪ್ರಯೋಗದಲ್ಲಿಯೂ, 1951 ರ ಚಲನಚಿತ್ರದಲ್ಲಿಯೂ ಈ ಪಾತ್ರವನ್ನು ವಹಿಸಿದ ಕಾರ್ಲ್ ಮಾಲ್ಡೆನ್ ಚಿತ್ರದ ಅಭಿನಯಕ್ಕಾಗಿ ಆಸ್ಕರ್ ಪ್ರಶಸ್ತಿ ಪಡೆದನು. ಆ ಚಿತ್ರವನ್ನು ನೋಡಿದವರಿಗೆ ಮಿಚ್ಚನ ಮೇಲೆ ಪ್ರೀತಿ ಹುಟ್ಟದಿರುವುದು ಕಷ್ಟ.

ಆದರೆ ಅದೇ ಇಸ್ಪೀಟಿನ ರಾತ್ರಿಯಲ್ಲಿ ನಡೆಯುವ ಇನ್ನೊಂದು ಪ್ರಸಂಗವನ್ನು ನಾವು ಬೇಗ ಬೇಗನೆ ಓದಿ ಮುಂದೆ ಸಾಗಿಬಿಡುತ್ತೇವೆ. ಕುಡಿದ ಸ್ಟಾನ್ಲಿ ರೇಡಿಯೋವನ್ನು ಕಿಟಕಿಯಿಂದ ಆಚೆಗೆ ಎಸೆಯುತ್ತಾನೆ. ಬೈದ ಹೆಂಡತಿಯನ್ನು, ಆಕೆ ಗರ್ಭಿಣಿಯೆಂಬುದನ್ನೂ ಎಣಿಸದೆ, ಹೊಡೆಯುತ್ತಾನೆ. ಗೆಳೆಯರೆಲ್ಲ ಸೇರಿ ಅವನನ್ನು ಹಿಡಿದು ತಣ್ಣೀರಿನ ಕೆಳಗೆ ನಿಲ್ಲಿಸುತ್ತಾರೆ. ಆಗ ನಮ್ಮ ಮಿಚ್ಚನು ಆಡುವ ಮಾತೇನು? ಹೆಂಗಸರಿರುವ ಮನೆಯಲ್ಲಿ ಇಸ್ಪೀಟು ಆಡಬಾರದು ಎಂಬುದು! ತಪ್ಪು ಆಟದ ಮೇಲೆ ಬಿತ್ತು. ಹೆಂಗಸರು ಅಲ್ಲಿದ್ದುದರ ಮೇಲೂ ಬಿತ್ತು. ಹೊಡೆದ ಕೈಯ ಮೇಲೆ ಮಾತ್ರ ಬೀಳಲಿಲ್ಲ. ಅನಂತರ ಗಾಬರಿಯಿಂದ ನಡುಗುತ್ತಿರುವ ಬ್ಲಾಂಚಳಿಗೆ ಅವನು ಸಮಾಧಾನ ಹೇಳುತ್ತಾನೆ. ಹೆದರುವಂಥದೇನೂ ಇಲ್ಲ, ಆ ಗಂಡಹೆಂಡಿರಿಗೆ ಒಬ್ಬರನ್ನು ಕಂಡರೆ ಒಬ್ಬರಿಗೆ ಪ್ರಾಣ ಎಂಬುದು ಅವನ ಮಾತಿನ ಸಾರ. ಧ್ವನಿ ಮೃದುವಾಗಿದೆ, ಕೊಟ್ಟ ಸಿಗರೇಟಿನಲ್ಲಿಯೂ ಸ್ನೇಹವಿದೆ. ಆದರೆ ಆ ಮಾತು ಯಾರದು? ಇಸ್ಪೀಟು ಮೇಜಿನದು. ಮೇಜಿನ ತೀರ್ಪನ್ನೇ ಅವನು ಮೆಲುದನಿಯಲ್ಲಿ ಓದಿ ಹೇಳಿದನು, ಅಷ್ಟೆ.

ಇಲ್ಲಿ ಇನ್ನೂ ಒಂದು ಸಂಗತಿ ಗಮನಾರ್ಹವಾಗಿದೆ. ಅದೇ ರಾತ್ರಿ ಸ್ಟಾನ್ಲಿಯೂ ಅಳುತ್ತಾನೆ. ಮಹಡಿಯ ಮನೆಗೆ ಓಡಿಹೋದ ಹೆಂಡತಿಯ ಹೆಸರನ್ನು ಬೀದಿಯಲ್ಲಿ ನಿಂತು ಕೂಗಿ ಕೂಗಿ ಕರೆದು, ಇಳಿದುಬಂದವಳ ಮುಂದೆ ಮೊಣಕಾಲೂರಿ, ಅವಳ ಹೊಟ್ಟೆಗೆ ಮುಖವಿಟ್ಟು ಅತ್ತವನು ಅವನು. ಈ ನಾಟಕದಲ್ಲಿ ಅಳುವ ಗಂಡಸರು ಇಬ್ಬರು: ಮೂರನೆಯ ದೃಶ್ಯದಲ್ಲಿ ಸ್ಟಾನ್ಲಿ, ಹನ್ನೊಂದನೆಯ ದೃಶ್ಯದಲ್ಲಿ ಮಿಚ್. ಆದುದರಿಂದ ಕಣ್ಣೀರನ್ನು ಸೌಮ್ಯತೆಯ ಅಳತೆಗೋಲೆಂದು ಹಿಡಿಯುವವರು ಸ್ಟಾನ್ಲಿಯನ್ನೂ ಸೌಮ್ಯನೆಂದು ಒಪ್ಪಬೇಕಾಗುವುದು. ಹೊಡೆದು ಅತ್ತರೆ ಹೊಡೆತ ಅಳಿಸಿಹೋಗುವುದಿಲ್ಲ. ಸುಮ್ಮನಿದ್ದು ಅತ್ತರೆ ಮೌನವೂ ಅಳಿಸಿಹೋಗುವುದಿಲ್ಲ.

ಆರನೆಯ ದೃಶ್ಯಕ್ಕೆ ಬರೋಣ. ಇಡೀ ನಾಟಕದಲ್ಲಿ ನನಗೆ ಅತ್ಯಂತ ಪ್ರಿಯವಾದ ಭಾಗವಿದು. ಮಿಚ್ಚನೂ ಬ್ಲಾಂಚಳೂ ವಿಹಾರಕ್ಕೆ ಹೋಗಿ ತಡರಾತ್ರಿಯಲ್ಲಿ ಬಳಲಿ ಹಿಂದಿರುಗಿದ್ದಾರೆ. ತನ್ನ ಮೈಯ ಬೆವರಿಗೆ ನಾಚುವವನು ಮಿಚ್. ತನ್ನ ತೂಕ 207 ಪೌಂಡೆಂದು ಒಪ್ಪಿಸುವ ಮುಗ್ಧನು. ಒಂದು ಮುತ್ತಿಗಾಗಿ ಅಪ್ಪಣೆ ಕೇಳುವವನು. ಇನ್ನು ಕೆಲವು ತಿಂಗಳಲ್ಲಿ ತೀರಿಕೊಳ್ಳಲಿರುವ ತಾಯಿ, ಅಷ್ಟರೊಳಗೆ ಮಗನ ಬಾಳು ನೆಲೆನಿಲ್ಲಲಿ ಎಂದು ಹಾರೈಸುತ್ತಿದ್ದಾಳೆಂಬುದನ್ನು ಅವನು ಹೇಳುತ್ತಾನೆ. ಆಗ ಬ್ಲಾಂಚಳು ತನ್ನ ಎದೆಯಲ್ಲಿ ಹೂತಿಟ್ಟಿದ್ದ ಕಥೆಯನ್ನು ತೆಗೆಯುತ್ತಾಳೆ. ಅವಳು ಎಳೆಯ ವಯಸ್ಸಿನಲ್ಲಿ ಮದುವೆಯಾದ ಅಲನ್ ಎಂಬ ಹುಡುಗ ಕವಿತೆ ಬರೆಯುವವನು, ಸುತ್ತಲಿನ ಗಂಡಸರಂತಲ್ಲದ ಕೋಮಲ ಸ್ವಭಾವದವನು. ಅವನು ಇನ್ನೊಬ್ಬ ಪುರುಷನೊಡನಿರುವುದನ್ನು ಅವಳು ಒಂದು ದಿನ ಕಂಡಳು. ಆ ರಾತ್ರಿ ಕುಣಿತದ ನಡುವೆ, ತಡೆಯಲಾರದೆ, ಅವನನ್ನು ಕಂಡರೆ ತನಗೆ ಹೇಸಿಗೆಯೆಂದು ಅಂದುಬಿಟ್ಟಳು. ಅವನು ಹೊರಗೆ ಓಡಿಹೋಗಿ ಗುಂಡಿಟ್ಟುಕೊಂಡು ಸತ್ತನು. ಆ ಕುಣಿತದ ಸಂಗೀತ ಅಂದಿನಿಂದ ಅವಳ ಕಿವಿಯನ್ನು ಬಿಟ್ಟಿಲ್ಲ.

ನಾಟಕದ ಮರ್ಮ ಇಲ್ಲಿದೆ ಎಂದು ನನ್ನ ಅಲ್ಪಮತಿಗೆ ತೋರುತ್ತದೆ. ಒಂದು ಮೆದು ಜೀವವನ್ನು ಬ್ಲಾಂಚಳು ಒಂದೇ ಒಂದು ಹೇಸಿಗೆಯ ಮಾತಿನಿಂದ ಕೊಂದಳು. ಆ ಪಾಪವನ್ನು ಅವಳು ಬಲ್ಲಳು; ಒಪ್ಪಿಕೊಂಡಳು; ಮಿಚ್ಚನ ಮುಂದೆ ಬಿಚ್ಚಿಟ್ಟಳು. ಅದನ್ನೆಲ್ಲ ಕೇಳಿ ಅವಳನ್ನು ತಬ್ಬಿಕೊಂಡು, ಇಬ್ಬರಿಗೂ ಒಬ್ಬೊಬ್ಬರ ಆಸರೆ ಬೇಕಲ್ಲವೆ ಎಂದ ಮಿಚ್ಚನಿಗಿಂತ ಹೆಚ್ಚಾಗಿ ಹೇಸಿಗೆಯ ಮಾತಿನ ವಿಷವನ್ನು ಬಲ್ಲವರು ಆ ಬೀದಿಯಲ್ಲಿ ಇನ್ನಾರಿದ್ದರು? ಹಾಗಿದ್ದೂ ಮೂರು ದೃಶ್ಯ ಕಳೆಯುವಷ್ಟರಲ್ಲಿ ಅದೇ ಮಾತನ್ನು ಅವನು ಅವಳಿಗೆ ಆಡಿದನು.

ಆದುದು ಇಷ್ಟು. ಬ್ಲಾಂಚಳ ಪೂರ್ವ ವೃತ್ತಾಂತವನ್ನು ಸ್ಟಾನ್ಲಿ ಊರೂರಿನಿಂದ ಸಂಗ್ರಹಿಸಿ ಮಿಚ್ಚನ ಕಿವಿಗೆ ಹಾಕುತ್ತಾನೆ. ಮಿಚ್ಚನು ಮೊದಲು ಅದನ್ನು ಸುಳ್ಳೆನ್ನುತ್ತಾನೆ. ಆಮೇಲೆ ದೂರದೂರಿನ ವ್ಯಾಪಾರಿಯೊಬ್ಬನಿಗೆ ಫೋನ್ ಮಾಡಿ ನಿಜವೆಂದು ಖಚಿತಪಡಿಸಿಕೊಳ್ಳುತ್ತಾನೆ. ಬ್ಲಾಂಚಳ ಹುಟ್ಟುಹಬ್ಬದ ಊಟಕ್ಕೆ ಕರೆದಿದ್ದರೂ ಬರುವುದಿಲ್ಲ. ಅವನ ಕುರ್ಚಿ ಖಾಲಿಯಾಗಿಯೇ ಉಳಿಯುತ್ತದೆ. ಆ ರಾತ್ರಿ ಗಡ್ಡವನ್ನೂ ತೆಗೆಯದೆ, ಕೆಲಸದ ಬಟ್ಟೆಯಲ್ಲಿಯೇ, ಕುಡಿದು ಬರುತ್ತಾನೆ. ತಾನೇ ಕಟ್ಟಿದ ಕಾಗದದ ಗೂಡನ್ನು ತಾನೇ ಹರಿದುಹಾಕಿ, ದೀಪ ಹಾಕಿ, ಅವಳ ಮುಖವನ್ನು ಬೆಳಕಿಗೆ ಹಿಡಿದು ನೋಡುತ್ತಾನೆ. ಬ್ಲಾಂಚಳು ಆಗ ಏನನ್ನೂ ಮುಚ್ಚಿಡುವುದಿಲ್ಲ. ಅಲನ್ ಸತ್ತ ಬಳಿಕ ಬರಿದಾದ ಎದೆಯನ್ನು ತುಂಬಿಕೊಳ್ಳಲು ಗುರುತಿಲ್ಲದ ಗಂಡಸರ ಆಶ್ರಯ ಹುಡುಕಿದೆನೆಂದು ಹೇಳುತ್ತಾಳೆ. ಹೊರಗೆ ಸತ್ತವರಿಗಾಗಿ ಹೂ ಮಾರುವವಳ ಕೂಗು ಕೇಳುತ್ತಿದೆ. ಮಿಚ್ಚನು ಬೇಸಗೆಯುದ್ದಕ್ಕೂ ತನಗೆ ದೊರೆಯದಿದ್ದುದನ್ನು ಈಗ ಕೊಡೆಂದು ಅವಳ ಮೈಗೆ ಕೈಹಾಕುತ್ತಾನೆ. ಹಾಗಾದರೆ ಮದುವೆಯಾಗು ಎಂದರೆ, ತನ್ನ ತಾಯಿಯಿರುವ ಮನೆಗೆ ಕರೆದೊಯ್ಯುವಷ್ಟು ನೀನು ಶುದ್ಧಳಲ್ಲ ಎನ್ನುತ್ತಾನೆ. ಅವಳು ಬೆಂಕಿ ಬೆಂಕಿಯೆಂದು ಚೀರಿದಾಗ ಓಡಿಹೋಗುತ್ತಾನೆ.

ಮುತ್ತಿಗೆ ಅಪ್ಪಣೆ ಕೇಳಿದವನು ಇವನೇ ಅಲ್ಲವೆ? ಇನ್ನೂ ಸೋಜಿಗವೆಂದರೆ, ಅವಳು ಸುಳ್ಳು ಹೇಳುತ್ತಿದ್ದಷ್ಟು ದಿನ ಅವಳನ್ನು ಗೌರವಿಸಿದನು. ಅವಳು ಬಾಯಿ ತೆರೆದು ನಿಜ ನುಡಿದ ರಾತ್ರಿಯೇ ಅವಮಾನಗೊಳಿಸಿದನು.

ಈ ಮಾತಿಗೆ ನನ್ನ ಮಿತ್ರರು ತರಗತಿಯ ಹೊರಗೆ ತೀವ್ರವಾದ ಆಕ್ಷೇಪಣೆಯನ್ನೆತ್ತಿದರು. “ಅವಳು ಅವನಿಗೆ ಮೋಸ ಮಾಡಲಿಲ್ಲವೇನಯ್ಯ? ವಯಸ್ಸು ಮುಚ್ಚಿಟ್ಟಳು, ಚರಿತ್ರೆ ಮುಚ್ಚಿಟ್ಟಳು. ಹದಿನೇಳು ವರ್ಷದ ವಿದ್ಯಾರ್ಥಿಯೊಡನೆ ಸಂಬಂಧ ಬೆಳೆಸಿ ಕೆಲಸ ಕಳೆದುಕೊಂಡವಳನ್ನು ಅವನು ಪೂಜೆ ಮಾಡಬೇಕಿತ್ತೆ?” ಎಂದರು. ಆಕ್ಷೇಪಣೆ ನ್ಯಾಯವಾದುದೇ. ಬ್ಲಾಂಚಳು ನಿರ್ದೋಷಿಯೆಂದು ನಾನು ವಾದಿಸುತ್ತಿಲ್ಲ. ಉಪಾಧ್ಯಾಯಿನಿಯಾಗಿ ಅವಳು ಮಾಡಿದ್ದು ಘೋರವಾದ ತಪ್ಪು. ಮಿಚ್ಚನಿಗೆ ನೋವಾಯಿತು, ಕೋಪ ಬಂತು, ಅವಳನ್ನು ಮದುವೆಯಾಗಲಾರೆನೆಂದು ಹೇಳುವ ಹಕ್ಕು ಅವನಿಗೆ ಸಂಪೂರ್ಣವಾಗಿ ಇತ್ತು. ಅವನು ಬಂದು ಅತ್ತು, ಬೈದು, ಬಾಗಿಲು ಹಾಕಿಕೊಂಡು ಹೋಗಿದ್ದರೆ ಈ ಲೇಖನವೇ ಹುಟ್ಟುತ್ತಿರಲಿಲ್ಲ. ಆದರೆ ಹೆಂಡತಿಯಾಗಲು ಅಯೋಗ್ಯಳೆಂದು ತೀರ್ಮಾನಿಸಿದವಳ ದೇಹಕ್ಕೆ ತಾನು ಹಕ್ಕುದಾರನೆಂಬ ಭಾವನೆ ಅವನಿಗೆ ಎಲ್ಲಿಂದ ಬಂತು? ಅದು ನೊಂದ ಹೃದಯದಿಂದ ಬಂದುದಲ್ಲ. ಮರ್ಯಾದಸ್ಥೆಯಲ್ಲದವಳು ಎಲ್ಲರಿಗೂ ಸಲ್ಲುವ ವಸ್ತು ಎಂಬುದು ಇಸ್ಪೀಟು ಮೇಜಿನ ಶಾಸನ. ಅದು ಸ್ಟಾನ್ಲಿಯ ಮಾತು. ಮರುದೃಶ್ಯದಲ್ಲಿಯೇ ಸ್ಟಾನ್ಲಿ ಆ ಮಾತನ್ನು ಕೃತಿಯಲ್ಲಿ ತೋರಿಸುತ್ತಾನೆ. ಮಿಚ್ಚನು ಚೀರಾಟಕ್ಕೆ ಹೆದರಿ ಓಡಿದನು, ಸ್ಟಾನ್ಲಿ ಹೆದರಲಿಲ್ಲ. ಅವರಿಬ್ಬರ ಕೃತ್ಯಗಳ ನಡುವೆ ದೊಡ್ಡ ಅಂತರವಿದೆ, ನಿಜ. ಆದರೆ ಇಬ್ಬರೂ ಹೊರಟ ದಾರಿ ಒಂದೇ.

ಕಡೆಯ ದೃಶ್ಯದಲ್ಲಿ ಮತ್ತೆ ಇಸ್ಪೀಟು ನಡೆಯುತ್ತಿದೆ. ಅದೇ ಮೇಜು, ಅದೇ ನಾಲ್ವರು. ಬ್ಲಾಂಚಳು ಹಾದುಹೋಗುವಾಗ ಉಳಿದ ಒರಟರೆಲ್ಲ ಮುಜುಗರದಿಂದಲಾದರೂ ಎದ್ದು ನಿಲ್ಲುತ್ತಾರೆ. ಮಿಚ್ಚನೊಬ್ಬನೇ ಮೇಜಿನ ಮೇಲೆ ದೃಷ್ಟಿ ನೆಟ್ಟು ಕುಳಿತೇ ಇರುತ್ತಾನೆ. ದಾದಿಯು ಅವಳನ್ನು ನೆಲಕ್ಕೆ ಅಮುಕಿ ಹಿಡಿದಾಗ ಅವನು ಎದ್ದು ಸ್ಟಾನ್ಲಿಯ ಮೇಲೆ ಬೀಳುತ್ತಾನೆ. ಇತರರು ಹಿಡಿದು ನೂಕುತ್ತಾರೆ. ಅವನು ಮೇಜಿನ ಮೇಲೆ ಕುಸಿದು ಬಿಕ್ಕಿ ಬಿಕ್ಕಿ ಅಳುತ್ತಾನೆ. ಬ್ಲಾಂಚಳು ವೈದ್ಯನ ತೋಳು ಹಿಡಿದು ಹೊರಟುಹೋಗುತ್ತಾಳೆ. ಆಟದ ಮುಂದಿನ ಸುತ್ತನ್ನು ಸ್ಟೀವನು ಕೂಗಿ ಹೇಳುವಲ್ಲಿಗೆ ತೆರೆ ಬೀಳುತ್ತದೆ. 1951 ರ ಚಲನಚಿತ್ರದಲ್ಲಿ ಸೆನ್ಸಾರಿನವರ ಒತ್ತಾಯದಿಂದ ಕೊನೆಯನ್ನು ಬದಲಿಸಿ, ಸ್ಟೆಲ್ಲಾ ಮಗುವನ್ನೆತ್ತಿಕೊಂಡು ಗಂಡನ ಮನೆಗೆ ಇನ್ನು ಬರುವುದಿಲ್ಲವೆಂದು ಹೇಳುವಂತೆ ಮಾಡಿದರು. ಸ್ಟಾನ್ಲಿಗೆ ಏನಾದರೂ ಶಿಕ್ಷೆಯಾಗಬೇಕೆಂದು ಅವರ ಯೋಚನೆ. ಅಳುತ್ತ ಕುಳಿತವನ ಲೆಕ್ಕವನ್ನು ಕೇಳಬೇಕೆಂದು ಯಾರಿಗೂ ತೋರಲಿಲ್ಲ.

ವಿಲಿಯಮ್ಸನು ಇಂಥ ಮೇಜನ್ನು ಕೇವಲ ಕಲ್ಪನೆಯಿಂದ ಸೃಷ್ಟಿಸಿದವನಲ್ಲ. 1911 ರಲ್ಲಿ ಮಿಸಿಸಿಪ್ಪಿಯಲ್ಲಿ ಹುಟ್ಟಿದ ಅವನು ಬಾಲ್ಯದಲ್ಲಿ ರೋಗಪೀಡಿತನಾಗಿ ಪುಸ್ತಕಗಳ ನಡುವೆ ಬೆಳೆದ ಹುಡುಗ. ಪಾದರಕ್ಷೆಯ ಕಂಪೆನಿಯಲ್ಲಿ ಕೆಲಸದಲ್ಲಿದ್ದ ತಂದೆ ಕುಡಿತಕ್ಕೂ ಪೋಕರ್ ಆಟಕ್ಕೂ ಮನಸೋತವನು. ಮೆದು ಸ್ವಭಾವದ ಮಗನನ್ನು ಹೆಣ್ಣಿನ ಹೆಸರಿಟ್ಟು ಹಂಗಿಸುತ್ತಿದ್ದವನು. ವಿಲಿಯಮ್ಸನ ಅಕ್ಕ ರೋಸಳಿಗೆ ಮನೋರೋಗ ತಟ್ಟಿ, 1943 ರಲ್ಲಿ ಮಿದುಳಿನ ಶಸ್ತ್ರಚಿಕಿತ್ಸೆ ನಡೆದು, ಅವಳ ಬಾಳು ಆಸ್ಪತ್ರೆಯಲ್ಲೇ ಉಳಿಯಿತು. ಮೆದು ಜೀವಗಳಿಗೆ ಒರಟರ ಮನೆಯಲ್ಲಿ ಏನಾಗುವುದೆಂಬುದನ್ನು ಅವನು ಕಣ್ಣಾರೆ ಕಂಡಿದ್ದನು. ಹಾಗಿದ್ದೂ ಅವನು ಮಿಚ್ಚನನ್ನು ದೇವತೆಯಾಗಿ ಚಿತ್ರಿಸಲಿಲ್ಲ. ಮೆದುವಾಗಿರುವುದೇ ಒಂದು ರಕ್ಷೆಯೆಂದು ನಮ್ಮನ್ನು ನಂಬಿಸಲಿಲ್ಲ. ಇದು ಅವನ ಪ್ರಾಮಾಣಿಕತೆ.

ಇಲ್ಲಿ ನಮಗೆ ಚಿರಪರಿಚಿತವಾದ ಇನ್ನೊಂದು ಆಟದ ಮೇಜು ನೆನಪಿಗೆ ಬಾರದೆ ಇರದು. ಹಸ್ತಿನಾವತಿಯ ದ್ಯೂತಸಭೆಯಲ್ಲಿ ದ್ರೌಪದಿಯನ್ನು ಎಳೆದು ತಂದಾಗ ಭೀಷ್ಮನಂಥ ಹಿರಿಯರೇ ಧರ್ಮ ಸೂಕ್ಷ್ಮವೆಂದು ಹಿಂಜರಿದರು. ಆಗ ದುರ್ಯೋಧನನ ತಮ್ಮಂದಿರಲ್ಲೊಬ್ಬನಾದ ವಿಕರ್ಣನು ಎದ್ದು ನಿಂತು, ತನ್ನನ್ನೇ ಸೋತವನಿಗೆ ಅವಳನ್ನು ಪಣವಿಡುವ ಅಧಿಕಾರವಿಲ್ಲವೆಂದೂ, ಅವಳು ಗೆಲ್ಲಲ್ಪಟ್ಟವಳಲ್ಲವೆಂದೂ ಕಾರಣಸಹಿತವಾಗಿ ವಾದಿಸಿದನು. ಕರ್ಣನು ಅವನನ್ನು ಅರಿಯದ ಹುಡುಗನೆಂದು ಗದರಿಸಿ ಕೂರಿಸಿದನು. ವಿಕರ್ಣನ ಮಾತಿನಿಂದ ದ್ರೌಪದಿಯ ಕಷ್ಟ ನಿವಾರಣೆಯಾಗಲಿಲ್ಲ, ನಿಜ. ಆದರೂ ಆಟ ನಡೆಯುತ್ತಿರುವಾಗಲೇ, ಆಡುವವರ ಮುಖದ ಮುಂದೆಯೇ, ಸೀರೆಗೆ ಕೈ ಬೀಳುವ ಮೊದಲೇ ಅವನು ಮಾತಾಡಿದನು. ಮಿಚ್ಚನು ಎದ್ದುದು ಎಲ್ಲ ಮುಗಿದ ಮೇಲೆ. ಈ ಇಬ್ಬರ ಭೇದ ಇಷ್ಟೇ. ಆದರೆ ಇದು ಸಣ್ಣ ಭೇದವಲ್ಲ.

ಹಾಗೆಂದು ವಿಕರ್ಣನ ಕಥೆಯಿಂದ ಕಲಿಯಬೇಕಾದ ಪಾಠ ಅಲ್ಲಿಗೇ ಮುಗಿಯುವುದಿಲ್ಲ. ಅವನೂ ಮತ್ತೆ ಅದೇ ಅಣ್ಣಂದಿರ ಪಕ್ಕದಲ್ಲಿಯೇ ಉಳಿದನು. ಕುರುಕ್ಷೇತ್ರದಲ್ಲಿ ಅವರ ಪರವಾಗಿಯೇ ಕಾದಿದನು. ಭೀಮನ ಕೈಯಲ್ಲಿ ಮಡಿದನು. ಕೊಂದ ಭೀಮನೇ ಅವನಿಗಾಗಿ ಮರುಗಿದನಂತೆ. ಒಂದು ದಿನ ಬಾಯಿ ತೆರೆದವನಿಗೂ ಮೇಜನ್ನು ಬಿಟ್ಟೇಳುವುದು ಅಷ್ಟು ಕಷ್ಟ! ಆ ಮೇಜಿನಲ್ಲಿ ಅನ್ನವಿದೆ, ನಂಟಿದೆ, ಒಟ್ಟಿಗೆ ಬೆಳೆದ ನೆನಪಿದೆ. ಮಿಚ್ಚನಿಗೂ ಹಾಗೆಯೇ, ತಾಯಿ ಸತ್ತ ಮೇಲೆ ಅವನಿಗೆ ಉಳಿಯುವುದು ಆ ಮೂವರು ಗೆಳೆಯರು ಮಾತ್ರ. ಒಂಟಿತನದ ಭಯ ಅವನನ್ನು ಆ ಕುರ್ಚಿಗೆ ಕಟ್ಟಿಹಾಕಿತ್ತು. ಇದನ್ನು ಯೋಚಿಸಿದಾಗ ನನಗೆ ಅವನ ಮೇಲಿನ ಮರುಕ ಕಡಿಮೆಯಾಗುವುದಿಲ್ಲ. ಮರುಗೋಣ; ಆದರೆ ಬಿಡುಗಡೆಯ ತೀರ್ಪು ಕೊಡುವುದು ಬೇಡ ಎಂಬುದಷ್ಟೇ ನನ್ನ ವಾದ.

ಇಷ್ಟೊಂದು ಕಠಿಣವಾಗಿ ಮಾತಾಡಲು ನಿನಗೇನು ಅಧಿಕಾರವೆಂದು ವಾಚಕರು ಕೇಳಬಹುದು. ಅಧಿಕಾರವೇನೂ ಇಲ್ಲ; ಅನುಭವವಿದೆ. ನಾನು ಬೇರೊಂದು ಊರಿನಲ್ಲಿ ಎರಡನೆಯ ವರ್ಷದ ಪಿ.ಯು.ಸಿ. ಓದುತ್ತಿದ್ದಾಗ ಹಾಸ್ಟೆಲಿನಲ್ಲಿದ್ದೆನು. ಮೊದಲನೆಯ ವರ್ಷದ ಹುಡುಗನೊಬ್ಬ, ಹಳ್ಳಿಯಿಂದ ಬಂದವನು, ಒಂದು ನೋಟುಬುಕ್ಕಿನಲ್ಲಿ ಪದ್ಯಗಳನ್ನು ಬರೆದಿಟ್ಟುಕೊಳ್ಳುತ್ತಿದ್ದನು. ನನಗೊಬ್ಬನಿಗೇ ತೋರಿಸಿದ್ದನು. ತಾಯಿಯ ಮೇಲೆ, ಮನೆಯ ಎಮ್ಮೆಯ ಮೇಲೆ, ಊರ ಕೆರೆಯ ಮೇಲೆ ಬರೆದ ಪದ್ಯಗಳು. “ಚೆನ್ನಾಗಿವೆ, ಬಿಡಬೇಡ” ಎಂದು ನಾನೇ ಹೇಳಿದ್ದೆನು. ಒಂದು ರಾತ್ರಿ ಊಟದ ಹೊತ್ತಿನಲ್ಲಿ ನನ್ನ ಓರಗೆಯವರೊಬ್ಬರು ಆ ಪುಸ್ತಕವನ್ನು ಅವನ ಪೆಟ್ಟಿಗೆಯಿಂದ ತೆಗೆದು ತಂದು, ಹೆಣ್ಣು ದನಿ ಮಾಡಿ, ಪಂಕ್ತಿಯ ಮುಂದೆ ಗಟ್ಟಿಯಾಗಿ ಓದಿದರು. ಎಲ್ಲರೂ ನಕ್ಕರು. ನಾನು ನಗಲಿಲ್ಲ, ತಟ್ಟೆಯಲ್ಲಿದ್ದ ಮಜ್ಜಿಗೆ ಅನ್ನವನ್ನು ಕಲಸುತ್ತ ಕುಳಿತೆನು. ನಗದೆ ಇದ್ದುದೇ ದೊಡ್ಡ ಸಾಹಸವೆಂದು ಆಗ ನನಗೆ ತೋರಿತ್ತು.

ಎಲ್ಲರೂ ಮಲಗಿದ ಮೇಲೆ ಅವನ ಕೋಣೆಗೆ ಹೋಗಿ, “ಬೇಜಾರು ಮಾಡ್ಕೋಬೇಡ ಕಣೋ, ಅವರು ತಮಾಷೆಗೆ ಮಾಡಿದ್ದು. ಒಳ್ಳೆ ಹುಡುಗರೇ” ಎಂದೆನು. ಅವನು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದವನು ತಿರುಗಿ, “ಊಟದ ಹೊತ್ತಲ್ಲಿ ನೀವೂ ಅಲ್ಲೇ ಇದ್ರಿ ಅಲ್ವಾ ಅಣ್ಣಾ?” ಎಂದನು. ಬೇರೇನೂ ಹೇಳಲಿಲ್ಲ. ಒಂದು ತಿಂಗಳಿಗೆಲ್ಲ ಹಾಸ್ಟೆಲು ಬಿಟ್ಟು ನೆಂಟರ ಮನೆಗೆ ಹೊರಟುಹೋದನು. ಅವನು ಇಂದಿಗೂ ಪದ್ಯ ಬರೆಯುತ್ತಾನೋ ಇಲ್ಲವೋ ನಾನರಿಯೆ. ಕೇಳುವ ಧೈರ್ಯ ನನಗಾಗಿಲ್ಲ.

ಮಿಚ್ಚನು ಬ್ಲಾಂಚಳಿಗೆ ಸಮಾಧಾನ ಹೇಳುವ ಭಾಗವನ್ನು ಎರಡನೆಯ ಸಲ ಓದುವಾಗ ನನ್ನ ಕಿವಿಗೆ ಬಿದ್ದುದು ನನ್ನದೇ ದನಿ. ಪಂಕ್ತಿಯ ತೀರ್ಪನ್ನು ಕೋಣೆಯಲ್ಲಿ ಮೆಲ್ಲಗೆ ಓದಿ ಹೇಳಿದವನು ನಾನು. ಆದುದರಿಂದಲೇ ಕೈಯನ್ನು ಕೆಳಗಿಳಿಸಿದೆನು.

ಸೌಮ್ಯತೆ ದೊಡ್ಡ ಗುಣವೆಂಬುದರಲ್ಲಿ ಸಂದೇಹವಿಲ್ಲ. ಒರಟುತನವೇ ಗಂಡಸುತನವೆಂಬ ಮೂಢನಂಬಿಕೆ ನಮ್ಮಲ್ಲಿಯೂ ಸಾಕಷ್ಟಿದೆ. ಅದನ್ನು ಒಪ್ಪದೆ ಮೆತ್ತಗಿರುವವರು ನಮ್ಮ ನಡುವೆ ಹೆಚ್ಚಲಿ. ಆದರೆ ಏಕಾಂತದಲ್ಲಿ ಮಾತ್ರ ಹೊರಬರುವ ಸೌಮ್ಯತೆ ಪೆಟ್ಟಿಗೆಯಲ್ಲಿಟ್ಟ ಛತ್ರಿಯಂತೆ. ಅದು ಒಳ್ಳೆಯ ಛತ್ರಿಯೇ ಇರಬಹುದು, ಮಳೆಯಲ್ಲಿ ನಿಂತವನಿಗೆ ಅದರಿಂದ ಪ್ರಯೋಜನವಿಲ್ಲ. ಮಿಚ್ಚನಿಂದ ಯಾರೂ ವೀರಾವೇಶವನ್ನು ಬಯಸಲಿಲ್ಲ. ಸ್ಟಾನ್ಲಿಯನ್ನು ಹೊಡೆದುರುಳಿಸುವ ಶಕ್ತಿ ಅವನಿಗೆ ಬೇಕಾಗಿರಲಿಲ್ಲ. ಆ ಮೊದಲ ರಾತ್ರಿ, ತಣ್ಣೀರಿನಿಂದ ಎದ್ದು ಬಂದ ಗೆಳೆಯನಿಗೆ, “ನೀನು ಮಾಡಿದ್ದು ತಪ್ಪು” ಎಂಬ ಒಂದು ಮಾತನ್ನು ಮೇಜಿನ ಎಲ್ಲರೂ ಕೇಳುವಂತೆ ಹೇಳಿದ್ದರೆ, ಬಹುಶಃ ಎಲ್ಲರೂ ನಗುತ್ತಿದ್ದರು. ಒಂದು ಗಳಿಗೆಯ ನಗು. ಅದರ ಬೆಲೆ ಅಷ್ಟೇ. ಅದನ್ನು ತೆರದೆ ಉಳಿಸಿಕೊಂಡವನು ಕೊನೆಯಲ್ಲಿ ಬೇರೊಬ್ಬಳ ಬಾಳಿನಿಂದ ಆ ಸಾಲ ತೀರಿದುದನ್ನು ನೋಡುತ್ತ ಕೂರಬೇಕಾಯಿತು.

ಅಧ್ಯಾಪಕರು ಕೇಳಿದ ಪ್ರಶ್ನೆಗೆ ಹಾಗಾದರೆ ನಿನ್ನ ಉತ್ತರವೇನೆಂದು ಮಿತ್ರರು ಕೇಳುತ್ತಾರೆ. ಈ ನಾಟಕದಲ್ಲಿ ಒಳ್ಳೆಯವನಾಗಬಹುದಾಗಿದ್ದ ಗಂಡಸು ಒಬ್ಬನಿದ್ದಾನೆ ಎಂಬುದೇ ನನ್ನ ಉತ್ತರ. ಅವನು ಆಗದೆ ಹೋದನು. ನಮ್ಮ ಹಾಸ್ಟೆಲಿನ ಊಟದ ಮನೆಯಲ್ಲಿ, ಕಾಲೇಜಿನ ಜಗಲಿಯ ಮೇಲೆ, ಕ್ರಿಕೆಟ್ ಆಡುವ ಬಯಲಿನಲ್ಲಿ ದಿನವೂ ಇಂಥ ಒಂದೊಂದು ಮೇಜು ಹಾಕಿಯೇ ಇರುತ್ತದೆ. ಅಲ್ಲಿ ಯಾರದೋ ನೋಟುಬುಕ್ಕು ಹೊರಬರುವ ಸಮಯಕ್ಕೆ ನಾವೂ ಕುಳಿತಿರುತ್ತೇವೆ. ಆಗ ಕಲಸುತ್ತಿರುವ ತಟ್ಟೆಯಿಂದ ತಲೆಯೆತ್ತಿ, “ಸಾಕು, ಅವನ ಪುಸ್ತಕ ಅವನಿಗೆ ಕೊಡ್ರಪ್ಪ” ಎನ್ನುವಷ್ಟು ದನಿ ನಮ್ಮ ಗಂಟಲಿನಲ್ಲಿ ಇರಲಿ. ನನ್ನ ಗಂಟಲಿನಲ್ಲಿ ಒಮ್ಮೆ ಅದು ಇರಲಿಲ್ಲ. ಆದುದರಿಂದ ಇಷ್ಟು ಬರೆದೆನು.